ಗೋಡೆಯೊಳಗಿನ ಖಾಲಿ ಪೈಪು

ವೈರಣ್ಣನಿಗೆ ಮದುವೆಯಾದದ್ದು ಒಂದು ಗೋಡೆ ಒಡೆದ ತಪ್ಪಿಗೆ. ಇದನ್ನು ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಾನೆ, ಹೆಂಡತಿ ಹತ್ತಿರದಲ್ಲಿ ಇಲ್ಲದಾಗ ಮಾತ್ರ.

ಆಗ ಅವನಿಗೆ ಇಪ್ಪತ್ತಾರು. ಮನೆಯಲ್ಲೇ ಸಿನಿಮಾ ಕೋಣೆ ಮಾಡಿಸಿಕೊಳ್ಳುವವರಿಗೆ ಗೋಡೆಯೊಳಗೆ ಕೇಬಲ್ ಹಾಕಿಕೊಡುವುದು ಅವನ ಕಸುಬು. ಗೋಡೆ ಸೀಳಿ, ಕೇಬಲ್ಲನ್ನು ಹಾಗೇ ಒಳಗಿಟ್ಟು, ಮೇಲೆ ಗಾರೆ ಮೆತ್ತಿಸಿ ಕೈತೊಳೆದುಕೊಳ್ಳುತ್ತಿದ್ದ. ಹಾಗೆ ಮಾಡಿದ ಒಂದು ಮನೆಯವರು ಮೂರು ವರ್ಷದ ನಂತರ ಹೊಸ ಪ್ರೊಜೆಕ್ಟರ್ ತಂದರು. ಅದು ಕಳಿಸುವ ಚಿತ್ರದ ಭಾರವನ್ನು ಹಳೆಯ ಕೇಬಲ್ ಹೊರಲಾರದೆ ಪರದೆ ಗಳಿಗೆಗೊಮ್ಮೆ ಕಪ್ಪಾಗುತ್ತಿತ್ತು. ಬೇರೆ ದಾರಿಯಿಲ್ಲದೆ ವೈರಣ್ಣ ಗೋಡೆ ಒಡೆದ. ಹಿಂದಿನ ವಾರವಷ್ಟೇ ಆ ಗೋಡೆಗೆ ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಬಳಿದಿದ್ದ ಹುಡುಗಿ ತನ್ನ ಏಣಿ ತೆಗೆದುಕೊಂಡು ಹೋಗಲು ಸರಿಯಾಗಿ ಅದೇ ಹೊತ್ತಿಗೆ ಬಂದಳು.

"ಯಾರ್ರೀ ಇದನ್ನ ಒಡೆದಿದ್ದು?"

"ನಾನೇ. ಕೇಬಲ್ ಹಳೇದಾಯ್ತು."

"ಹಳೇದಾಗುತ್ತೆ ಅಂತ ಹಾಕೋವಾಗ ಗೊತ್ತಿರ್ಲಿಲ್ವಾ? ಒಂದು ಪೈಪು ಇಟ್ಟು ಅದರೊಳಗೆ ಬಿಟ್ಟಿದ್ರೆ ಎಳೆದು ಬೇರೆ ಹಾಕ್ಬಹುದಿತ್ತು. ನನ್ನ ಎಂಟು ದಿನದ ಕೆಲಸ ಎಂಟು ನಿಮಿಷದಲ್ಲಿ ಹಾಳು ಮಾಡಿದ್ರಲ್ಲ!"

ವೈರಣ್ಣ ಆ ಬೈಗುಳವನ್ನೇ ಮೂರು ದಿನ ಮೆಲುಕು ಹಾಕಿದ. ನಾಲ್ಕನೆಯ ದಿನ ಅವಳು ಎಲ್ಲಿ ಕೆಲಸ ಮಾಡುತ್ತಾಳೆಂದು ವಿಚಾರಿಸಿಕೊಂಡು ಹೋದ. ಮದುವೆಗೆ ಅವಳು ಒಪ್ಪಿದ್ದು ಒಂದೇ ಮಾತಿನ ಮೇಲೆ: ಅವಳು ಮುಗಿಸಿದ ಗೋಡೆಗೆ ಅವನು ಇನ್ನೆಂದೂ ಉಳಿ ಮುಟ್ಟಿಸಬಾರದು.

ಇಪ್ಪತ್ತೆರಡು ವರ್ಷ ಆ ಮಾತು ನಡೆಯಿತು. ಅವಳ ಸಲಹೆಯಂತೆ ಪ್ರತಿ ಮನೆಯಲ್ಲೂ ಎರಡು ಪೈಪು ಇಡುವುದು ಅವನ ಪದ್ಧತಿಯಾಯಿತು. ಒಂದರಲ್ಲಿ ಇವತ್ತಿನ ಕೇಬಲ್. ಇನ್ನೊಂದು ಖಾಲಿ, ಒಳಗೆ ಈ ತುದಿಯಿಂದ ಆ ತುದಿಗೆ ಒಂದು ದಾರ ಅಷ್ಟೆ. ನಾಳೆ ಯಾವ ಕೇಬಲ್ ಬಂದರೂ ದಾರಕ್ಕೆ ಕಟ್ಟಿ ಎಳೆದರಾಯಿತು. "ಇಪ್ಪತ್ತು ವರ್ಷ ಬಾಳೋ ಕೇಬಲ್ ಯಾವುದು?" ಎಂದು ಗಿರಾಕಿಗಳು ಕೇಳುತ್ತಿದ್ದರು. "ಅಂಥದ್ದು ಯಾರ ಹತ್ರಾನೂ ಇಲ್ಲ. ಇಪ್ಪತ್ತು ವರ್ಷ ಬಾಳೋ ದಾರಿ ಬೇಕಾದ್ರೆ ಮಾಡಿಕೊಡ್ತೀನಿ" ಎನ್ನುತ್ತಿದ್ದ. ಬೆನ್ನ ಹಿಂದೆ ಜನ ಅವನನ್ನು ಖಾಲಿ ಪೈಪಿನವನು ಎಂದೇ ಕರೆಯುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಇತ್ತು.

ಈ ವರ್ಷ ಹೆಂಡತಿಯ ಬಲಗೈ ಮಣಿಕಟ್ಟು ಮುಷ್ಕರ ಹೂಡಿತು. ಅಷ್ಟು ವರ್ಷ ಗೋಡೆ ಉಜ್ಜಿದ ಕೈ, ಪಾಪ, ಅದಾದರೂ ಏನು ಮಾಡೀತು. ಇನ್ನು ಉಜ್ಜುವ ಕೆಲಸ ಬಿಡಲೇಬೇಕೆಂದು ಮೂಳೆ ಡಾಕ್ಟರು ಖಂಡಿತವಾಗಿ ಹೇಳಿದರು. ಒಪ್ಪಿಕೊಂಡಿದ್ದ ಒಂದು ಗೋಡೆ ಬಾಕಿಯಿತ್ತು. ಅದು ಮುಗಿದ ಮೇಲೆ ಏನು ಎಂದು ಅವಳು ಬಾಯಿ ಬಿಡಲಿಲ್ಲ. ಮನೆಯಲ್ಲಿ ಒರೆಸಿದ ಕಿಟಕಿಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಸುಮ್ಮನೆ ಕೂರುವುದೆಂದರೆ ಅವಳಿಗೆ ಭಯ ಎಂದು ವೈರಣ್ಣನಿಗೆ ಗೊತ್ತಿತ್ತು.

ಆ ಕೊನೆಯ ಗೋಡೆ ಇದ್ದದ್ದು ಹಲ್ಲಿನ ಡಾಕ್ಟರಮ್ಮನ ಮನೆಯಲ್ಲಿ. ನಿವೃತ್ತಿಯಾದ ಮೇಲೆ ಕಾಲು ಚಾಚಿ ಸಿನಿಮಾ ನೋಡಬೇಕೆಂಬುದು ಅವರ ಆಸೆ. ಎರಡು ಪೈಪಿನ ಮಾತು ತೆಗೆದ ಕೂಡಲೇ ಅವರು ಮುಖ ಗಂಟಿಕ್ಕಿದರು.

"ಖಾಲಿ ಯಾಕೆ ಬಿಡ್ತೀರಿ? ಮೂವತ್ತೈದು ವರ್ಷ ತೂತು ತುಂಬಿದವಳು ನಾನು. ಖಾಲಿ ಬಿಟ್ಟ ತೂತು ಅಂದ್ರೆ ಹುಳುಕು!"

ವೈರಣ್ಣನಿಗೆ ನಗು ಬಂತು. ನಕ್ಕವನು ವಾದ ಮಾಡುವುದನ್ನು ಮರೆತ. ಒಂದೇ ಪೈಪು ಎಂದು ಗೋಣು ಆಡಿಸಿಬಿಟ್ಟ. ಸಂಜೆ ಹೆಂಡತಿಗೆ ಹೇಳಿದಾಗ ಅವಳು "ಓಹೋ" ಎಂದಳು, ಅಷ್ಟೆ. ಅವಳ ಆ ಓಹೋಗೆ ಏನೇನು ಅರ್ಥವಿದೆ ಎಂದು ಇಪ್ಪತ್ತೆರಡು ವರ್ಷದಲ್ಲಿ ಕಲಿಯದವನು ಗಂಡನೇ ಅಲ್ಲ, ಆದರೆ ಅವತ್ತು ಅವನ ಗಮನವೆಲ್ಲ ಕೇಬಲ್ಲಿನ ಮೇಲಿತ್ತು.

ಕೋಣೆ ಉದ್ದದ್ದು. ಪ್ಲೇಯರ್ ಇಡುವ ಮೂಲೆಯ ಕಪಾಟಿನಿಂದ ಸೀಲಿಂಗಿನ ಪ್ರೊಜೆಕ್ಟರಿಗೆ ಐವತ್ತು ಅಡಿ. ಅಷ್ಟು ದೂರ ತಾಮ್ರದ ಕೇಬಲ್ಲಿನಲ್ಲಿ ಚಿತ್ರ ಸೊರಗುತ್ತದೆ. ಅದಕ್ಕೇ ಗಾಜಿನ ಎಳೆಯ ಕೇಬಲ್ ಆರಿಸಿದ. ಅದರಲ್ಲಿ ಚಿತ್ರ ಬೆಳಕಾಗಿ ಓಡುತ್ತದೆ. ಆದರೆ ಅದಕ್ಕೊಂದು ಹಟವಿದೆ. ಚಿತ್ರ ಹೋಗುವುದು ಒಂದೇ ದಿಕ್ಕಿಗೆ. ಒಂದು ತಲೆ ಕಪಾಟಿನ ಕಡೆಗೇ ಇರಬೇಕು, ಇನ್ನೊಂದು ಪ್ರೊಜೆಕ್ಟರ್ ಕಡೆಗೇ. ಯಾವುದು ಯಾವುದೆಂದು ತಲೆಯ ಮೇಲೆ ಸಣ್ಣ ಅಕ್ಷರ, ಪಕ್ಕದಲ್ಲಿ ಚಿತ್ರ ಹೋಗುವ ದಿಕ್ಕಿಗೆ ಒಂದು ಬಾಣ. ಗೋಡೆಯಲ್ಲಿ ಒಂದು ಪೈಪು ಇಟ್ಟ ಮೇಲೆ, ಈ ಕೇಬಲ್ ತರಲು ಅವನು ಎರಡು ದಿನ ಊರು ಬಿಟ್ಟಿದ್ದ. ವಾಪಸು ಬಂದಾಗ ಹೆಂಡತಿಯ ಮಣಿಕಟ್ಟು ಊದಿಕೊಂಡಿತ್ತು. "ಏನಾಯ್ತೇ?" ಎಂದರೆ "ಏನಿಲ್ಲ, ಥಂಡಿಗೆ" ಎಂದಳು. ಮುಂದಿನ ಎರಡು ವಾರದಲ್ಲಿ ಅವಳು ಗೋಡೆ ಮುಗಿಸಿದಳು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದರೂ ಒಂದು ತಗ್ಗು ಕಾಣದಂಥ ಗೋಡೆ. ಡಾಕ್ಟರಮ್ಮ ಅದನ್ನು ಕೈಯಿಂದ ಸವರಿ ಸವರಿ ನೋಡಿದರು.

ಮೂರು ದಿನ ಬಿಟ್ಟು ವೈರಣ್ಣ ಕೇಬಲ್ ಎಳೆದ. ಸ್ಪೀಕರಿನ ವೈರು, ಇಂಟರ್ನೆಟ್ ವೈರು ಎಲ್ಲವನ್ನೂ ಜೊತೆಗೇ ಕಟ್ಟಿ, ಇದ್ದ ಒಂದೇ ಪೈಪಿಗೆ ತುರುಕಿದ. ಮರುದಿನ ಬೆಳಿಗ್ಗೆ ಪ್ರೊಜೆಕ್ಟರ್ ಹಾಕಿದರೆ ಪರದೆಯ ಮೇಲೆ ಏನೂ ಇಲ್ಲ. ಕನ್ನಡಕ ಹಾಕಿಕೊಂಡು ತಲೆಯ ಮೇಲಿನ ಬಾಣ ನೋಡಿದ. ಬಾಣ ಕಪಾಟಿನ ಕಡೆ ತಿರುಗಿತ್ತು.

ಬಿಚ್ಚಿ ತಿರುಗಿಸಿ ಹಾಕೋಣವೆಂದು ಎಳೆದ. ಗೇಣುದ್ದ ಬಂತು, ಆಮೇಲೆ ನಿಂತಿತು. ಕೇಬಲ್ಲಿನ ತಲೆ ಉಳಿದ ವೈರುಗಳ ನಡುವೆ ಪೈಪಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೇಲಿನಿಂದ ಎಳೆದ, ಕೆಳಗಿನಿಂದ ನೂಕಿದ. ಪೈಪು ಅದನ್ನು ನುಂಗಲೂ ಒಲ್ಲದು, ಉಗುಳಲೂ ಒಲ್ಲದು. ಇನ್ನು ಉಳಿದದ್ದು ಒಂದೇ ದಾರಿ. ಗೋಡೆಯ ಮೇಲೆ ಒಡೆಯಬೇಕಾದ ಕಡೆ ಪೆನ್ಸಿಲಿನಿಂದ ಒಂದು ಗೆರೆ ಎಳೆದ. ಉಳಿ ಎತ್ತಿಕೊಳ್ಳಲು ಕೈ ಬರಲಿಲ್ಲ. ಫೋನು ಮಾಡಿ, "ಸ್ವಲ್ಪ ಬರ್ತೀಯಾ?" ಎಂದ.

ಅವಳು ಬಂದಳು. ಮೊದಲು ಗೆರೆ ನೋಡಿದಳು, ಆಮೇಲೆ ಗಂಡನ ಮುಖ.

"ಏನಾಯ್ತು ಹೇಳ್ರೀ."

ಎಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ.

"ಎಳೆಯೋವಾಗ ಕನ್ನಡಕ ಎಲ್ಲಿತ್ತು?"

"ಜೇಬಲ್ಲಿ."

"ಜೇಬಿಗೆ ಚೆನ್ನಾಗಿ ಕಾಣ್ತಿತ್ತಾ?"

ವೈರಣ್ಣ ತಲೆ ತಗ್ಗಿಸಿದ. "ಬೈಯಿ, ಎಷ್ಟು ಬೇಕಾದ್ರೂ ಬೈಯಿ. ಇಷ್ಟು ವರ್ಷ ಮಾತು ಉಳಿಸ್ಕೊಂಡೆ ಕಣೇ. ನಿನ್ನ ಕೊನೇ ಗೋಡೆಗೆ ಬಂದು ತಪ್ಪಿದೆ." ನಲವತ್ತೆಂಟರ ಗಂಡಸು ಪರರ ಮನೆಯಲ್ಲಿ ನಿಂತು ಕಣ್ಣು ಒರೆಸಿಕೊಂಡ.

ಅವಳು ಬೆರಳು ಒದ್ದೆ ಮಾಡಿಕೊಂಡು ಪೆನ್ಸಿಲ್ ಗೆರೆಯನ್ನು ಅಳಿಸಿದಳು. "ಕಪಾಟಿನ ಹಿಂದಿನ ಹಲಗೆ ಬಿಚ್ಚಿ. ಕೆಳಗಿಂದು."

ಬಿಚ್ಚಿದ. ಹಲಗೆಯ ಹಿಂದೆ ಗೋಡೆಯಲ್ಲಿ ಒಂದು ಪೈಪಿನ ಬಾಯಿ, ಬಟ್ಟೆ ತುರುಕಿ ಮುಚ್ಚಿದ್ದು. ಬಟ್ಟೆ ತೆಗೆದರೆ ಒಳಗೊಂದು ದಾರ. ವೈರಣ್ಣ ಇಟ್ಟ ದಾರವಲ್ಲ. ಹೆಣೆದ ಬಿಳಿ ದಾರ, ಅಲ್ಲಲ್ಲಿ ಸುಣ್ಣದ ಕಲೆ.

"ಇದು ನಿನ್ನ ತೂಗುಗುಂಡಿನ ದಾರ ಅಲ್ವೇನೇ?" ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಅವಳು ಇಷ್ಟು ವರ್ಷ ಇಳಿಬಿಡುತ್ತಿದ್ದ ದಾರ ಅದು.

"ಹ್ಞೂಂ. ಗುಂಡು ಇನ್ನು ಮನೇಲಿ ಕೂತಿರುತ್ತೆ. ದಾರಕ್ಕಾದ್ರೂ ಕೆಲಸ ಇರ್ಲಿ ಅಂತ."

ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ನಕ್ಕರು. "ನಾನೇ ಒಪ್ಪಿದ್ದು. ನೀವು ಕೇಬಲ್ ತರೋಕೆ ಹೋದಾಗ ಇವರು ಬಂದು, 'ಇದು ಹುಳುಕಲ್ಲ ಡಾಕ್ಟರಮ್ಮ, ಹಾಲುಹಲ್ಲು ಬಿದ್ದ ಜಾಗ ಅನ್ಕೊಳ್ಳಿ, ಹೊಸದು ಬರೋಕೆ ಜಾಗ ಬೇಡ್ವಾ' ಅಂದ್ರು. ನನಗೇ ಪಾಠ! ಕೈನೋವಿಟ್ಟುಕೊಂಡು ಇಡೀ ಗೋಡೆ ತಾವೇ ಕೊರೆದು, ಪೈಪಿಟ್ಟು, ನೀವು ಬರೋದ್ರೊಳಗೆ ಗಾರೆ ಮೆತ್ತಿ ಮುಚ್ಚಿದ್ರು."

ಊದಿದ ಮಣಿಕಟ್ಟಿನ ಗುಟ್ಟು ವೈರಣ್ಣನಿಗೆ ಆಗ ಗೊತ್ತಾಯಿತು. "ನನಗ್ಯಾಕೆ ಹೇಳ್ಲಿಲ್ಲ?"

"ನಿಮ್ಮ ಪದ್ಧತಿ ಬಿಡೋವಾಗ ನೀವು ನನ್ನ ಕೇಳಿದ್ರಾ? ಎರಡು ಪೈಪು ಮೊದಲು ಹೇಳಿದ್ದು ಯಾರು?" ಅವಳ ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚು ನೋವಿತ್ತು. ಅವಳಿಂದ ಕಲಿತ ಪದ್ಧತಿಯನ್ನು ಅವಳ ಕೊನೆಯ ಗೋಡೆಯಲ್ಲೇ ಬಿಟ್ಟಿದ್ದೆನೆಂದು ಅವನಿಗೆ ಈಗ ಹೊಳೆಯಿತು.

ಒಂದು ಹೆಚ್ಚಿಗೆ ಇರಲಿ ಎಂದು ಅವತ್ತೇ ತಂದು ಚೀಲದಲ್ಲಿಟ್ಟಿದ್ದ ಅಂಥದೇ ಇನ್ನೊಂದು ಕೇಬಲ್ ತೆಗೆದ. ಕನ್ನಡಕ ಏರಿಸಿ ಬಾಣ ನೋಡಿದ. ಸಾಲದೆಂದು ಹೆಂಡತಿಗೂ ತೋರಿಸಿದ. ಅವಳು ಕೆಳಗೆ ಕೂತು ಕೇಬಲ್ಲನ್ನೂ, ಮುಂದಿನ ಸಲಕ್ಕೆಂದು ಒಂದು ಹೊಸ ದಾರವನ್ನೂ ಹಳೆಯ ದಾರಕ್ಕೆ ಕಟ್ಟಿದಳು. ಮೇಲಿನ ಬಾಯಿ ಸೀಲಿಂಗಿನ ಪಟ್ಟಿಯ ಹಿಂದೆ ಅಡಗಿತ್ತು. ಏಣಿ ಹತ್ತಿ, ಕೈ ಆಡಿಸಿ ಹುಡುಕಿ ಎಳೆದ. ಎಲ್ಲೂ ತಡೆಯದೆ ಸರಸರನೆ ಬಂತು. ತಿರುವನ್ನು ಅವಳು ಅಷ್ಟು ಉದ್ದಕ್ಕೆ, ಅಷ್ಟು ನಿಧಾನವಾಗಿ ಬಗ್ಗಿಸಿದ್ದಳು. ಪ್ರೊಜೆಕ್ಟರ್ ಹಾಕಿದ ಗಳಿಗೆಯಲ್ಲಿ ಇಡೀ ಪರದೆ ಬೆಳಗಿತು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಹೆಂಡತಿ ಪರದೆ ನೋಡಲಿಲ್ಲ, ಆ ಬೆಳಕಿನಲ್ಲಿ ತನ್ನ ಗೋಡೆ ನೋಡಿದಳು.

ಬಸ್‌ಸ್ಟಾಪಿನ ಕಡೆ ನಡೆಯುವಾಗ ವೈರಣ್ಣ ಹೇಳಿದ: "ಮುಂದಿನ ವಾರ ಒಂದು ಮನೆ ಇದೆ, ಇನ್ನೂ ಇಟ್ಟಿಗೆ ಮಟ್ಟದಲ್ಲಿದೆ. ಪೈಪು ಎಲ್ಲಿ ಹೋಗ್ಬೇಕು, ಎಲ್ಲಿ ತಿರುಗ್ಬೇಕು ಅಂತ ನೀನು ಬಂದು ಗೆರೆ ಹಾಕು. ಕೊರೆಯೋದು, ಉಜ್ಜೋದು ಬೇರೆಯವರು ಮಾಡ್ಲಿ. ಅಲ್ಲಿಂದ ಮುಂದೆ ಎಲ್ಲಾ ಮನೆಗೂ ನೀನೇ."

"ಇಷ್ಟು ವರ್ಷ ಹೇಳ್ತಿದ್ದವರು ಯಾರು ಮತ್ತೆ?"

"ನೀನೇ. ಆದ್ರೆ ಮನೇಲಿ ಬೈದು ಹೇಳ್ತಿದ್ದೆ. ಇನ್ಮೇಲೆ ಕೆಲಸದಲ್ಲಿ ಎಲ್ಲರ ಮುಂದೆ ಹೇಳು. ನಾನು ಕೇಳ್ತೀನಿ."

ಅವಳು ರಸ್ತೆಯಂಚಿನ ಹಾರ್ಡ್‌ವೇರ್ ಅಂಗಡಿ ಬಂದಾಗ ನಿಂತಳು. ಒಳಗೆ ಹೋಗಿ, ಹಳೆಯ ದಾರ ಸವೆದಿದೆ, ತೂಗುಗುಂಡಿಗೆ ಹೊಸದು ಬೇಕೆಂದಳು. ಅಂಗಡಿಯವನು ಕೊಟ್ಟದ್ದನ್ನು ನೋಯದ ಎಡಗೈಗೆ ಸುತ್ತಿ ಎಳೆದು ನೋಡಿ, ಹಿಂದಕ್ಕೆ ಇಟ್ಟಳು.

"ಇನ್ನೂ ಗಟ್ಟಿ ಇರೋದು ಕೊಡಿ," ಎಂದಳು. "ಇಪ್ಪತ್ತು ವರ್ಷ ಬರ್ಬೇಕು."