ಕಾಲಿನಲ್ಲಿ ಕಿವಿಯಿದ್ದ ಯಮನಪ್ಪ

ಇಳಕಲ್ಲಿನಲ್ಲಿ ಆಳುಗಳನ್ನು ಒದಗಿಸುವ ಏಜೆನ್ಸಿಯೊಂದರಲ್ಲಿ ನಾನು ಹತ್ತು ವರ್ಷ ಗುಮಾಸ್ತನಾಗಿದ್ದೆ. ನಮ್ಮ ಆಳುಗಳು ಹೋಗುತ್ತಿದ್ದದ್ದು ಊರ ಹೊರಗಿನ ಗ್ರಾನೈಟ್ ಕಾರ್ಖಾನೆಗೆ. ಹಾಜರಿ ಪುಸ್ತಕ ಹಿಡಿದು ನಾನೂ ಅಲ್ಲೇ ಕೂಡುತ್ತಿದ್ದೆ. ಆ ಹತ್ತು ವರ್ಷದಲ್ಲಿ ನೂರಾರು ಜನ ಬಂದರು, ಹೋದರು. ಬರೆಯಬೇಕೆನಿಸುವುದು ಯಮನಪ್ಪನೊಬ್ಬನ ಬಗ್ಗೆ, ಏಕೆಂದರೆ ಅವನ ಅನ್ನಕ್ಕೆ ಕಲ್ಲು ಹಾಕುವ ಪತ್ರವನ್ನು ದುಂಡಗಿನ ಅಕ್ಷರದಲ್ಲಿ ಬರೆದ ಪುಣ್ಯಾತ್ಮ ನಾನೇ.

ಯಮನಪ್ಪ ನೇಕಾರರ ಮನೆಯವನು. ಹನ್ನೆರಡನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು, ಮಾತು ಉಳಿಯಿತು. ಎದುರಿನವರ ತುಟಿ ನೋಡಿ ತಿಳಿದುಕೊಂಡು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಉತ್ತರ ಕೊಡುತ್ತಿದ್ದ. ಮನೆಯ ಮಗ್ಗದಲ್ಲಿ ಹೆಂಡತಿ ಇಂದ್ರವ್ವ ಸೀರೆ ನೇಯುತ್ತಿದ್ದಳು. ಇರುವ ಒಂದು ಮಗ್ಗಕ್ಕೆ ಇಬ್ಬರು ಯಾಕೆಂದು ಇವನು ಹುನಗುಂದ, ಬಾಗಲಕೋಟೆ ಸುತ್ತಿ ಕೆಲಸ ಕೇಳಿದ್ದ. ಕಿವುಡ ಎಂದು ಎಲ್ಲರೂ ಬಾಗಿಲಿನಿಂದಲೇ ಕಳಿಸಿದ್ದರು. ೨೦೦೧ರಲ್ಲಿ ನಾವು ಸೇರಿಸಿಕೊಂಡೆವು. ದಯೆ ಬಂದಿತ್ತೆಂದೇನಲ್ಲ, ಆ ವಾರ ಆಳುಗಳು ಕಡಿಮೆ ಬಿದ್ದಿದ್ದರು.

ಕಾರ್ಖಾನೆಯಲ್ಲಿ ಅವನು ಕಲ್ಲಿನ ಹಲಗೆಗಳಿಗೆ ಪಾಲಿಶ್ ಹಿಡಿಯುತ್ತಿದ್ದ. ಆ ಹಲಗೆಗಳನ್ನು ಎತ್ತಿ ಸಾಗಿಸಲು ನೆಲದ ಹಳಿಗಳ ಮೇಲೆ ಓಡುವ ದೊಡ್ಡ ಕ್ರೇನ್ ಇತ್ತು. ಅದು ಹೊರಡುವ ಮೊದಲು ಚಾಲಕ ಸೀಟಿ ಊದಬೇಕು, ಆಳುಗಳು ಪಕ್ಕಕ್ಕೆ ಸರಿಯಬೇಕು. ಕಲ್ಲು ಕೊಯ್ಯುವ ಯಂತ್ರದ ಸದ್ದು ಮಾತ್ರ ಎಂಥದೆಂದರೆ, ಸಂಜೆ ಮನೆಗೆ ಹೋದ ಮೇಲೂ ತಲೆಯೊಳಗೆ ಅದೇ ಕೊಯ್ಯುತ್ತಿತ್ತು. ಯಮನಪ್ಪನಿಗೆ ನಮ್ಮನ್ನು ನೋಡಿ ಕನಿಕರ. ಇಂದ್ರವ್ವನ ಮಗ್ಗದಲ್ಲಿ ಉಳಿದ ಹತ್ತಿ ನೂಲಿನ ತುಂಡುಗಳನ್ನು ದಿನಾ ಬೆಳಿಗ್ಗೆ ಜೇಬು ತುಂಬ ತಂದು ಎಲ್ಲರಿಗೂ ಪ್ರಸಾದದಂತೆ ಹಂಚುತ್ತಿದ್ದ.

"ಕಿವ್ಯಾಗ ತುರುಕ್ಕೊಳ್ರಿ. ನನ್ನವಂತೂ ಹ್ವಾದ್ವು, ನಿಮ್ಮವಾದ್ರೂ ಉಳೀಲಿ" ಅನ್ನುತ್ತಿದ್ದ. ನಾನೂ ತುರುಕಿಕೊಳ್ಳುತ್ತಿದ್ದೆ.

೨೦೦೪ರಲ್ಲಿ ಬಾಗಲಕೋಟೆಯಿಂದ ಶ್ರೀಧರ ಎಂಬ ಹೊಸ ಮ್ಯಾನೇಜರ್ ಬಂದರು. ಎಳೆಯ ವಯಸ್ಸು, ಶಿಸ್ತಿನ ಮನುಷ್ಯ. ಅಲ್ಲಿಯವರೆಗೆ ಬರಿಗಾಲಲ್ಲಿ ದುಡಿಯುತ್ತಿದ್ದ ಎಲ್ಲರಿಗೂ ಬೂಟು ಕೊಡಿಸಿದರು. ಮೂರನೇ ದಿನ ಯಮನಪ್ಪ ಬೂಟು ಕೈಯಲ್ಲಿ ಹಿಡಿದು ಅವರ ಕೋಣೆಗೆ ಹೋದ.

"ಸಾಹೇಬ್ರ, ಇದನ್ನ ಹಾಕ್ಕೊಂಡ್ರ ನನ್ನ ಕಾಲು ಕಿವುಡಾಗ್ತಾವ್ರಿ."

ಸಾಹೇಬರು ಕಣ್ಣು ಕಣ್ಣು ಬಿಟ್ಟರು. ಯಮನಪ್ಪ ಬಿಡಿಸಿ ಹೇಳಿದ. ಕ್ರೇನ್ ಅಲುಗಿದರೆ ಹಳಿ ನಡುಗುತ್ತದೆ, ಹಳಿ ನಡುಗಿದರೆ ನೆಲ ನಡುಗುತ್ತದೆ, ಅದು ಅಂಗಾಲಿಗೆ ತಿಳಿಯುತ್ತದೆ. ಮೂರು ವರ್ಷ ಹಾಗೇ ನಡೆದಿತ್ತು.

"ಬೂಟು ಬ್ಯಾಡ ಅನ್ನಂಗಿಲ್ರಿ, ಕಾಲೂ ಉಳೀಬೇಕಲ್ಲ. ಕ್ರೇನಿಗೊಂದು ಕೆಂಪು ಬಲ್ಬು ಹಾಕಿಸ್ರಿ. ಅದು ಹೊರಡೂಕಿಂತ ಮೊದಲು ಬಲ್ಬು ಹತ್ತಲಿ, ನಾ ನೋಡ್ಕೊಂತೇನಿ."

"ಕರೆಂಟು ಹ್ವಾದ್ರ?"

"ಕ್ರೇನೂ ಅದ ಕರೆಂಟಿನ ಮ್ಯಾಲ ಓಡತೈತಲ್ರಿ."

ಇದಕ್ಕಿಂತ ನೆಟ್ಟಗಿನ ಮಾತು ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ. ಆದರೆ ಶ್ರೀಧರ ಸಾಹೇಬರ ತಲೆಯಲ್ಲಿ ಉಳಿದದ್ದು ಒಂದೇ: ಕಿವಿ ಕೇಳದ ಮನುಷ್ಯ ಕ್ರೇನಿನ ಹತ್ತಿರ ಕೆಲಸ ಮಾಡುತ್ತಿದ್ದಾನೆ. ಕೆಟ್ಟವರಲ್ಲ, ಹೆದರಿದರು. ಬಲ್ಬು ಹಾಕಿಸುವುದಾದರೆ ಏಜೆನ್ಸಿಯವರು ಹಾಕಿಸಲಿ, ಆಳು ಅವರದಲ್ಲವೇ ಎಂದರು. ನಮ್ಮ ಮಾಲೀಕರು ಬಿಡುತ್ತಾರೆಯೇ? ಕ್ರೇನ್ ಕಾರ್ಖಾನೆಯದು, ಅವರೇ ಹಾಕಿಸಲಿ ಎಂದರು. ಒಂದು ಬಲ್ಬಿಗಾಗಿ ಆ ಕಡೆಯಿಂದ ಎರಡು ಪತ್ರ, ಈ ಕಡೆಯಿಂದ ಎರಡು. ಅಲ್ಲಿಯವರೆಗೂ ಯಮನಪ್ಪ ಬರಿಗಾಲಲ್ಲೇ ದುಡಿದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಕೊನೆಗೆ ಸೋಮವಾರದಿಂದ ಯಮನಪ್ಪನ ಬದಲು ಬೇರೆ ಆಳು ಕಳಿಸುವುದೆಂದು ತೀರ್ಮಾನವಾಯಿತು, ನಾನು ಹಾಗೆಂದು ಪತ್ರ ಬರೆದೆ.

ಶನಿವಾರ ಬೆಳಿಗ್ಗೆ ನೂಲು ಹಂಚುತ್ತ ನನ್ನ ಮೇಜಿನ ಹತ್ತಿರ ಬಂದ ಯಮನಪ್ಪನಿಗೆ ಸುದ್ದಿ ಗೊತ್ತಾಗಿತ್ತು. "ಅಂದಪ್ಪಣ್ಣ, ಮತ್ತ ಬಾಗಲಕೋಟಿ ಸುತ್ತೂದು ಬಂತಲ್ಲೋ" ಎಂದು ನಕ್ಕ. ನನ್ನ ಪಾಲಿನ ನೂಲು ಕೊಡುವುದನ್ನು ಮಾತ್ರ ಮರೆಯಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಸೀದಾ ಸಾಹೇಬರ ಕೋಣೆಗೆ ಹೋಗಿ, ಇದನ್ನು ಕೊಡಲು ಮನಸ್ಸು ಒಪ್ಪುತ್ತಿಲ್ಲ ಎಂದೆ.

"ಬಾ, ನಿನಗ ತೋರಿಸ್ತೇನಿ" ಎಂದು ಸಾಹೇಬರು ಎದ್ದರು. "ಸೀಟಿ ಊದಿದ್ರ ಎಲ್ಲಾರೂ ಸರೀತಾರ, ಅಂವ ಒಬ್ಬನ ನಿಂತಿರ್ತಾನ. ನೀನ ನೋಡು."

ಕ್ರೇನ್ ಅಲುಗಿಸಬೇಡ, ಬರೀ ಸೀಟಿ ಊದು ಎಂದು ಚಾಲಕನಿಗೆ ಹೇಳಿ ಬಂದು ನಿಂತರು. ಅವನು ಊದಿದ. ಊದಿದನೆಂದು ನಾನು ತಿಳಿದದ್ದು ಅವನ ಗಲ್ಲ ಉಬ್ಬಿದ್ದನ್ನು ನೋಡಿ. ಯಮನಪ್ಪ ಕದಲಲಿಲ್ಲ. ಅವನ ಪಕ್ಕದ ಹುಲ್ಲಪ್ಪನೂ ಕದಲಲಿಲ್ಲ. ಸಾಲಿನಲ್ಲಿದ್ದ ಏಳು ಜನರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ಚಾಲಕ ಮುಖ ಕೆಂಪಾಗುವಷ್ಟು ಮತ್ತೊಮ್ಮೆ ಊದಿದ. ಏಳೂ ಜನ ಶ್ರದ್ಧೆಯಿಂದ ಪಾಲಿಶ್ ಹಿಡಿಯುತ್ತಲೇ ಇದ್ದರು.

ಸಾಹೇಬರು ಹೋಗಿ ಹುಲ್ಲಪ್ಪನ ಭುಜ ಹಿಡಿದು ಅಲುಗಿಸಿದರು. ಅವನು ನಿಧಾನಕ್ಕೆ ಕಿವಿಯಿಂದ ನೂಲಿನ ಉಂಡೆ ತೆಗೆದ.

"ಸೀಟಿ ಕೇಳಲಿಲ್ಲೇನು?"

"ಈ ಸಪ್ಪಳದಾಗ ಅದ್ಯಾವಾಗ ಕೇಳೇತ್ರಿ?"

"ಮತ್ತ ಮೂರು ವರ್ಷ ಹೆಂಗ ಸರದ್ರಿ?"

"ಯಮನಪ್ಪ ಸರದ್ರ ನಾವೂ ಸರೀತೇವ್ರಿ" ಎಂದ ಹುಲ್ಲಪ್ಪ, ಇದೇನು ಕೇಳುವ ಮಾತೇ ಎನ್ನುವಂತೆ. "ಈಗ ಅಂವ ಸರೀಲಿಲ್ಲಲ್ಲ."

ಸಾಹೇಬರು ಯಮನಪ್ಪನಿಗೆ ತುಟಿ ಕಾಣುವ ಹಾಗೆ ಅವನ ಎದುರಿಗೇ ನಿಂತು ಕೇಳಿದರು: "ಬಲ್ಬು ಎಲ್ಲಿ ಹಾಕಿದ್ರ ಛಲೋ ಯಮನಪ್ಪ?"

ಮಧ್ಯಾಹ್ನದೊಳಗೆ ಬಲ್ಬು ಬಂತು. ಯಾರು ತರಿಸಿದ್ದೆಂದು ಯಾರೂ ಕೇಳಲಿಲ್ಲ. ನಾನು ಜೇಬಿನಿಂದ ತೆಗೆದುಕೊಟ್ಟ ದುಂಡಗಿನ ಅಕ್ಷರದ ಪತ್ರದಲ್ಲಿ ಹುಲ್ಲಪ್ಪ ಚುರುಮುರಿ ಕಟ್ಟಿಸಿಕೊಂಡು ತಂದ.

ಬಲ್ಬು ಮೊದಲ ಸಲ ಹತ್ತಿದಾಗ ಎಲ್ಲರೂ ಒಟ್ಟಿಗೆ ಸರಿದರು, ಯಮನಪ್ಪನೊಬ್ಬ ತಡ ಮಾಡಿದ. ಸಂಜೆ ಅವನನ್ನು ಹಿಡಿದು ನಿಲ್ಲಿಸಿ, ಯಾಕೋ ತಡ ಮಾಡಿದೆ ಎಂದು ಬೈದೆ.

"ಎಲ್ಲಾರೂ ಸರದ್ರೋ ಇಲ್ಲೋ ನೋಡಾಕ ನಿಂತಿದ್ದೆ ಅಂದಪ್ಪಣ್ಣ" ಎಂದ ಯಮನಪ್ಪ. "ಮೂರು ವರ್ಷ ನಾನ ಮೊದಲ ಸರೀಬೇಕಿತ್ತಲ್ಲ, ಇವರು ನನ್ನ ನೋಡ್ಕೊಂಡ ಇರ್ತಿದ್ರು. ಇವತ್ತ ಹಿಂದ ಉಳದ ನೋಡ್ದೆ. ಭಾಳ ಹಗುರ ಅನಸ್ತು."