ಎಂಜಲಲ್ಲಿ ತೊಳೆದ ಬಂದರು

ಬೆಳಗಿನ ಬೆಳಕು ಇನ್ನೂ ಕಿಟಕಿಯ ಅಂಚು ದಾಟಿಲ್ಲ. ಸೊಲಾಂಜ್ ಬೊನಿಫೆ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಗಿಸಿ, ಚಿತ್ರದೊಳಗಿನ ಬಂದರುಕಟ್ಟೆಯ ಮೇಲೆ ಮೆಲ್ಲನೆ ಹೊರಳಿಸುತ್ತಾರೆ. ಹತ್ತಿ ಕಪ್ಪಾಗುತ್ತದೆ, ಕಟ್ಟೆಯ ಕಲ್ಲು ಬೆಳ್ಳಗಾಗುತ್ತದೆ. ಎಂಜಲೇ ಎಂದು ಮೂಗು ಮುರಿಯಬೇಡಿ. ಹಳೆಯ ತೈಲಚಿತ್ರದ ಕೊಳೆ ಬಿಡಿಸಲು ಇಷ್ಟು ಮೃದುವಾದದ್ದು ಇನ್ನೊಂದಿಲ್ಲವಂತೆ.

ಚಿತ್ರ ಹತ್ತೊಂಬತ್ತನೆಯ ಶತಮಾನದ್ದು, ನಮ್ಮ ಮಾರ್ಸೇಯ ಹಳೆ ಬಂದರಿನದು. ದೇವತೆಗಳಿಲ್ಲ, ಅಪ್ಸರೆಯರಿಲ್ಲ. ಡಾಂಬರಿನ ಪೀಪಾಯಿ, ಒಣಗುವ ಬಲೆ, ಮೀನಿನ ತಲೆ ಕದ್ದೋಡುವ ನಾಯಿ. ಕಂಡದ್ದನ್ನು ಕಂಡಂತೆ ಬರೆದ ಮಹಾರಾಯ! ಚಿತ್ರ ಮೊದಲು ಮೀನು ಹರಾಜಿನ ಕಟ್ಟಡದ ಗೋಡೆಯಲ್ಲಿ ನೇತಾಡಿ, ಊರಿನವರೆಲ್ಲರ ತಂಬಾಕಿನ ಹೊಗೆ ಕುಡಿದು, ಈಗ ವಸ್ತುಸಂಗ್ರಹಾಲಯದ ಹಿಂಕೋಣೆ ಸೇರಿದೆ.

ದಿನಕ್ಕೆ ಅಂಗೈಯಗಲ ಕೆಲಸ. ಕತ್ತು ಹಿಡಿದುಕೊಳ್ಳುತ್ತದೆ. ಕೆಲಸವಿದ್ದಷ್ಟು ದಿನ ಬೆಳ್ಳುಳ್ಳಿ ನಿಷಿದ್ಧ. "ಆ ವಾಸನೆ ಬಾಯಲ್ಲಿಟ್ಕೊಂಡು ಚಿತ್ರದ ಮುಂದೆ ಹೇಗ್ ಕೂತ್ಕೊಳ್ಳೋದು? ನಮ್ಮ ಗುರುಗಳು ಹಾಗೇ ಕಲಿಸಿದ್ದು" ಎನ್ನುತ್ತಾರೆ. ಬಂದರಿನಲ್ಲಿ ಮೀನು ಮಾರುವ ಅವರ ಸೋದರತ್ತೆ ನಿನೋನ್‌ಗೆ ಇದು ಸಹಿಸದು. "ಬೆಳ್ಳುಳ್ಳಿ ಬಿಟ್ಟೋಳು ಈ ಊರೋಳೇ ಅಲ್ಲ. ಹೋಗಿ ಪ್ಯಾರಿಸ್ಸಿನೋನ್ನ ಕಟ್ಕೋ" ಎಂದು ಸಂತೆಯ ನಡುವೆಯೇ ಮೂದಲಿಸುತ್ತಾರೆ.

ಆದರೆ ಇವತ್ತು ಅತ್ತೆಗೂ ತಿಂಡಿ ಸೇರಿಲ್ಲ. ಈ ಮನೆತನದ ಹಿರಿಯಜ್ಜಿ ಫೆಲಿಸಿತೆ ಮೀನಿನ ಬುಟ್ಟಿ ಹಿಡಿದು ಈ ಚಿತ್ರಕ್ಕೆ ನಿಂತಿದ್ದಳು ಎಂಬುದು ಇವರ ಮಾತು. ಚಿತ್ರದಲ್ಲಿ ಹೆಂಗಸೇ ಕಾಣುವುದಿಲ್ಲ. "ನಿಮ್ಮಜ್ಜಿ ಬುಟ್ಟಿಯೊಳಗೆ ಕೂತಿದ್ದಾಳೇನೋ" ಎಂದು ಪಕ್ಕದ ಅಂಗಡಿಯವರು ಕಾಡಿಸುತ್ತಲೇ ಇದ್ದಾರೆ, ನಿನೋನ್ ಜಗಳಕ್ಕೆ ನಿಲ್ಲುತ್ತಲೇ ಇದ್ದಾರೆ. ಇನ್ನು ತೊಳೆಯಲು ಉಳಿದಿರುವುದು ಬಾಣಲೆಯ ತಳದಂತೆ ಕಪ್ಪಾದ ಬಲಮೂಲೆ ಮಾತ್ರ.

"ಅಲ್ಲೂ ಇಲ್ಲದಿದ್ರೆ?" ಎನ್ನುತ್ತೇನೆ, ಇವರ ಕೆಲಸದ ಬಗ್ಗೆ ಬರೆಯಲೆಂದು ಬಂದು ಪಕ್ಕದ ಸ್ಟೂಲಿನಲ್ಲಿ ಕೂತ ನಾನು.

"ಅತ್ತೆಗೆ ಹೇಳ್ಬೇಕಾದೋಳು ನಾನೇ ಅಲ್ವಾ" ಎನ್ನುತ್ತಾರೆ. ಹೊಸ ಕಡ್ಡಿಗೆ ಹತ್ತಿ ಸುತ್ತುತ್ತಾರೆ.

ಹತ್ತಿಯ ಮೇಲೆ ಹತ್ತಿ. ಕಂದು ಬಣ್ಣದಡಿ ಏನೋ ಕೆಂಪು. ಶಾಲು! ಆಮೇಲೆ ಸೊಂಟದ ಮೇಲಿಟ್ಟ ಕೈ, ಅದರ ಪಕ್ಕ ಬುಟ್ಟಿಯ ಅಂಚು.

"ಇದ್ದಾಳೆ" ಎನ್ನುತ್ತಾರೆ ಸೊಲಾಂಜ್, ಪಿಸುದನಿಯಲ್ಲಿ. ನಾನು ಎದ್ದ ರಭಸಕ್ಕೆ ಸ್ಟೂಲು ಉರುಳುತ್ತದೆ.

ಫೋನು ಹೋದದ್ದೇ ತಡ, ನಿನೋನ್ ಅಂಗಡಿ ಬಿಟ್ಟು ಓಡೋಡಿ ಬರುತ್ತಾರೆ. ಏಪ್ರನ್ನು ಕಳಚಿಲ್ಲ, ಮೊಣಕೈವರೆಗೂ ಮೀನಿನ ಹುರುಪೆ. ಚಿತ್ರದ ಹತ್ತಿರ ಬಗ್ಗಿ ನೋಡುತ್ತಾರೆ. ಮುಖ ಬಾಡುತ್ತದೆ.

"ಬರೀ ಬೆನ್ನಲ್ವೇನೇ ಇದು? ಮುಖ ಎಲ್ಲಿ?"

"ಆ ಕಡೆ ಇದೆ ಅತ್ತೆ. ಗಿರಾಕಿ ಕಡೆ ತಿರುಗಿದ್ದಾಳೆ."

ನಿನೋನ್ ಮತ್ತೆ ನೋಡುತ್ತಾರೆ. ಗೊತ್ತಿಲ್ಲದೆಯೇ ಅವರ ಕೈಯೂ ಸೊಂಟಕ್ಕೆ ಹೋಗಿದೆ. ಕಣ್ಣು ತುಂಬಿದೆ.

"ಸರಿಯೇ ಮತ್ತೆ" ಎನ್ನುತ್ತಾರೆ. "ವ್ಯಾಪಾರ ಬಿಟ್ಟು ಬಣ್ಣದೋನ ಕಡೆ ಯಾಕ್ ತಿರುಗ್ತಾಳೆ ನಮ್ಮಜ್ಜಿ?"

ಸೊಲಾಂಜ್ ಕೊನೆಯ ಕಡ್ಡಿ ಕೆಳಗಿಟ್ಟು ಕತ್ತು ನೀವಿಕೊಳ್ಳುತ್ತಾರೆ. ನಾಳೆ ಚಿತ್ರ ಪ್ರದರ್ಶನಕ್ಕೆ ಹೋದಾಗ ಪಕ್ಕದ ಫಲಕದಲ್ಲಿ ಅವರ ಹೆಸರು ಇರುವುದಿಲ್ಲ. ಹಾಗಾದರೆ ಇಷ್ಟು ದುಡಿದದ್ದಕ್ಕೆ ಏನು ಬೇಕು ಎಂದು ಕೇಳಿದರೆ ಅತ್ತೆಯ ಕಡೆ ತಿರುಗುತ್ತಾರೆ.

"ಮಧ್ಯಾಹ್ನಕ್ಕೆ ಬೆಳ್ಳುಳ್ಳಿ ಅರೆದಿಡು ಅತ್ತೆ. ಜಾಸ್ತಿನೇ ಇರ್ಲಿ."