ಅಕ್ಕನ ಹಾಡನ್ನು ಅರ್ಧಕ್ಕೆ ನಿಲ್ಲಿಸಿದ್ದು

ಬಸವನಗುಡಿಯ ಒಂದು ಪುಟ್ಟ ಸಭಾಂಗಣದಲ್ಲಿ ಶನಿವಾರ ಸಂಜೆ ನಾನು ಬರವಣಿಗೆ ಹೇಳಿಕೊಡುತ್ತೇನೆ. ಬರುವವರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಕಾಲೇಜು ಹುಡುಗಿಯರಿದ್ದಾರೆ, ತಮ್ಮ ಜೀವನವೇ ಒಂದು ಕಾದಂಬರಿ ಎಂದು ನಂಬಿರುವ ವಕೀಲರೊಬ್ಬರಿದ್ದಾರೆ. ಓದುಗನನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎನ್ನುವುದೇ ನನ್ನ ಪಾಠ. ಮಧ್ಯದಿಂದ ಶುರುಮಾಡಿ, ಗೊತ್ತಿರುವುದನ್ನೆಲ್ಲ ಒಮ್ಮೆಗೇ ಸುರಿಯಬೇಡಿ, ಒಂದು ಸದ್ದೋ ವಾಸನೆಯೋ ಇರಲಿ, ಕೊನೆಯನ್ನು ಪೂರ್ತಿ ಮುಚ್ಚದೆ ಓದುಗನಿಗೂ ಒಂದಿಷ್ಟು ಕೆಲಸ ಬಿಡಿ ಎನ್ನುತ್ತೇನೆ. ಹೇಳುವಾಗ ಕಣ್ಣು ಮುಚ್ಚಿ ಕೈ ಆಡಿಸುವ ಚಟವೂ ಇದೆ. ಈಗ ಅದನ್ನೆಲ್ಲ ನೆನೆದರೆ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಕೊನೆಯನ್ನು ಮುಚ್ಚದಿರುವುದಕ್ಕೆ ನಾನು ಕೊಡುತ್ತಿದ್ದ ಉದಾಹರಣೆ ನನ್ನದೇ ಒಂದು ಬರಹ, ಭಾನುವಾರದ ಪುರವಣಿಯಲ್ಲಿ ಬಂದದ್ದು. ಅದು ನನ್ನ ಅಕ್ಕನ ಬಗ್ಗೆ, ಅವಳ ಹೆಸರು ಹಾಕಿಯೇ ಬರೆದದ್ದು. ನಮ್ಮ ತಂದೆ ಚಾಮರಾಜಪೇಟೆಯಲ್ಲಿ ರಾಗಿ, ಬೇಳೆ ಮಾರುವ ಅಂಗಡಿ ಇಟ್ಟುಕೊಂಡಿದ್ದರು. ನಮ್ಮ ಕಡೆಯವರು ಊರಲ್ಲಿ ಹೊಲ ಉತ್ತವರು. ಸಂಗೀತ ಎಂದರೆ ರೇಡಿಯೋದಲ್ಲಿ ಬರುವುದು ಎಂದಷ್ಟೇ ಗೊತ್ತಿದ್ದ ಮನೆ. ಅಕ್ಕ ಮಾತ್ರ ಹಟ ಹಿಡಿದು ಹಿಂದಿನ ಬೀದಿಯ ಟೀಚರೊಬ್ಬರ ಬಳಿ ಹಾಡು ಕಲಿತಳು. ಅವಳು ಕಾಲೇಜಿಗೆ ಹೋಗುತ್ತಿದ್ದಾಗ ನಮ್ಮ ಬೀದಿಯ ರಾಮನವಮಿ ಪೆಂಡಾಲಿನಲ್ಲಿ ಹಾಡಲು ಕರೆದರು. ಅಪ್ಪ ಅಂಗಡಿಯನ್ನು ಬೇಗ ಮುಚ್ಚಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ದೇವರನಾಮದ ಎರಡನೆಯ ಚರಣಕ್ಕೆ ಬಂದಾಗ ಅಕ್ಕನಿಗೆ ಸಾಲು ಮರೆತುಹೋಯಿತು.

ನನ್ನ ಬರಹ ಅಲ್ಲಿಗೇ ಮುಗಿಯುತ್ತದೆ. ‘ಅಕ್ಕ ಬಾಯಿ ತೆರೆದಳು. ತಂಬೂರಿ ಮಾತ್ರ ಹಾಡುತ್ತಿತ್ತು’ ಎನ್ನುವುದು ಕೊನೆಯ ಮಾತು. ನಿಜವಾಗಿ ಅಲ್ಲಿ ತಂಬೂರಿಯೇ ಇರಲಿಲ್ಲ. ಟೀಚರ ತಂಗಿ ಪಕ್ಕದಲ್ಲಿ ಕೂತು ಶ್ರುತಿಪೆಟ್ಟಿಗೆ ಒತ್ತುತ್ತಿದ್ದರು. ಶ್ರುತಿಪೆಟ್ಟಿಗೆ ಎಂದು ಬರೆದರೆ ವಾಕ್ಯ ಸೊರಗುತ್ತದೆ ಅನ್ನಿಸಿ ತಂಬೂರಿ ತಂದಿಟ್ಟೆ. ಅಪ್ಪನ ಕೈಗೆ ಪಾನಕದ ಲೋಟ ಕೊಟ್ಟು ಅದನ್ನು ನಡುಗಿಸಿದೆ. ಮಿಣುಕುವ ಟ್ಯೂಬ್‌ಲೈಟೊಂದನ್ನೂ ತೂಗುಹಾಕಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಬರಹ ಗೆದ್ದಿತು. ಜನ ಫೋನು ಮಾಡಿದರು, ವಾಟ್ಸಾಪಿನಲ್ಲಿ ಹಂಚಿದರು. ಶನಿವಾರದ ತರಗತಿಯಲ್ಲಿ ಅದನ್ನು ಓದಿ ಮುಗಿಸಿದಾಗ ವಕೀಲರು, “ಆಮೇಲೆ ಏನಾಯ್ತು ಸಾರ್?” ಎಂದು ಕೇಳಿದರು.

“ನೋಡಿ, ಆ ಪ್ರಶ್ನೆ ನಿಮ್ಮನ್ನ ಕಾಡ್ತಿದೆ. ಅದೇ ಈ ಬರಹದ ಗೆಲುವು” ಎಂದೆ.

“ಗೊತ್ತಿದ್ದೂ ಹೇಳ್ದೆ ಇದ್ರೆ ನಮ್ ಕೋರ್ಟಲ್ಲಿ ಅದಕ್ಕೆ ಬೇರೆ ಹೆಸ್ರು ಸಾರ್” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವರ ಪ್ರಶ್ನೆಗೆ ಉತ್ತರ ಸುಲಭವಿತ್ತು. ಅಕ್ಕನಿಗೆ ಸಾಲು ನೆನಪಾಯಿತು, ಹಾಡನ್ನು ಪೂರ್ತಿ ಹಾಡಿದಳು, ಆಮೇಲೆ ಎಷ್ಟೋ ಕಡೆ ಹಾಡಿದಳು. ಈಗ ಮಲ್ಲೇಶ್ವರದಲ್ಲಿ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಆ ಪಾಠವೆಂದರೆ ಅವಳಿಗೆ ಪ್ರಾಣ. ಇಷ್ಟು ಹೇಳಿದ್ದರೆ ಓದಿದವರ ಮನಸ್ಸು ಹಗುರಾಗುತ್ತಿತ್ತು. ಆದರೆ ಹಗುರಾದ ಮನಸ್ಸಿನವರು ಲೇಖಕನಿಗೆ ಫೋನು ಮಾಡುವುದಿಲ್ಲ.

ಬರಹದ ಬಗ್ಗೆ ಅಕ್ಕ ಮಾತ್ರ ಏನೂ ಅಂದಿರಲಿಲ್ಲ. ಅವಳ ಬಾಯಲ್ಲೂ ಒಂದು ಹೊಗಳಿಕೆ ಕೇಳುವ ಆಸೆಯಿಂದ ಒಂದು ಸಂಜೆ ಮೆಟ್ರೋ ಹತ್ತಿದೆ. ಸಂಪಿಗೆ ರಸ್ತೆಯಲ್ಲಿ ಇಳಿದು, ಅವಳಿಗಿಷ್ಟವಾದ ಖಾರಾ ಬನ್ ಕಟ್ಟಿಸಿಕೊಂಡು ಹೋದಾಗ ಪಾಠ ಮುಗಿದಿತ್ತು. ಒಬ್ಬ ಶಿಷ್ಯೆ ಮತ್ತು ಅವಳ ತಾಯಿ ಮಾತ್ರ ಉಳಿದಿದ್ದರು. ಹುಡುಗಿ ಕಾಲಿನ ಹೆಬ್ಬೆರಳನ್ನು ನೋಡುತ್ತ ನಿಂತಿದ್ದಳು. ಈ ಸಲದ ರಾಮನವಮಿಗೆ ಮಲ್ಲೇಶ್ವರದ ಪೆಂಡಾಲಿನಲ್ಲಿ ಅವಳಿಂದ ಹಾಡಿಸಬೇಕೆಂದು ಅಕ್ಕ ವರ್ಷವಿಡೀ ತಯಾರು ಮಾಡಿದ್ದಳು. ತಾಯಿ ಬೇಡ ಎನ್ನುತ್ತಿದ್ದರು.

“ತಪ್ ತಿಳ್ಕೋಬೇಡಿ ಮಿಸ್. ಇವ್ಳು ಮೊದ್ಲೇ ಪುಕ್ಲಿ. ನಿಮ್ಗೇ ಹಂಗಾಯ್ತು ಅಂತ ಓದ್ಬಿಟ್ಟು ಒಂದೇ ಸಮ ಅಳ್ತಾಳೆ. ಸ್ಟೇಜ್ ಬೇಡ ಬಿಡಿ.”

“ನನ್ಗೆ ಹೆಂಗಾಯ್ತು?” ಎಂದಳು ಅಕ್ಕ.

“ಅದೇ ಮಿಸ್, ಪೇಪರಲ್ಲಿ ಬಂದಿತ್ತಲ್ಲ, ಪೇರೆಂಟ್ಸ್ ಗ್ರೂಪಲ್ಲೂ ಹಾಕಿದ್ರು. ಹಾಡಕ್ಕಾಗ್ದೆ ಅರ್ಧಕ್ಕೆ ಎದ್ದು ಬಂದ್ಬಿಟ್ರಂತೆ. ಆಮೇಲೆ ನೀವು ಸ್ಟೇಜೇ ಹತ್ಲಿಲ್ಲ ಅಂತ ಎಲ್ರೂ ಮಾತಾಡ್ಕೊತಾರೆ. ಇನ್ನೂ ಒಂದಿಬ್ರು ಮಕ್ಳನ್ನ ಬೇರೆ ಕಡೆ ಸೇರಿಸ್ತೀವಿ ಅಂತಿದಾರೆ.”

ಅಕ್ಕನ ಮುಖ ಬಾಡಿತು.

“ಅರ್ಧಕ್ಕೆ ಎದ್ದು ಬಂದ್ರು ಅಂತ ನಾನು ಬರ್ದೇ ಇಲ್ಲ” ಎಂದೆ, ಯಾರೂ ನನ್ನನ್ನು ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಬರೆದವನು ನಾನೇ ಎಂದು ಆ ತಾಯಿಗೆ ಗೊತ್ತಾದದ್ದೇ ಆಗ. ನಾನು ಬರೆದಿರಲಿಲ್ಲ, ನಿಜ. ಓದುಗರಿಗೆ ಕೆಲಸ ಬಿಟ್ಟಿದ್ದೆನಲ್ಲ, ಅವರು ಅದನ್ನು ಅಚ್ಚುಕಟ್ಟಾಗಿ ಮುಗಿಸಿದ್ದರು.

“ನನ್ ತಮ್ಮ” ಎಂದು ಅಕ್ಕ ಪರಿಚಯ ಮಾಡಿಸಿದಳು. “ಇವನನ್ನೇ ಕೇಳಿ. ಹೇಳೋ, ಆಮೇಲೆ ಏನಾಯ್ತು?”

“ನೆನಪಾಯ್ತು. ಪೂರ್ತಿ ಹಾಡಿದ್ಲು” ಎಂದೆ.

ಹುಡುಗಿ ಮೊದಲ ಸಲ ತಲೆ ಎತ್ತಿದಳು. “ಮರ್ತೋದಾಗ ಜನ ನಕ್ರಾ ಅಂಕಲ್? ಮಿಸ್ ಏನ್ಮಾಡಿದ್ರು? ಹೆಂಗೆ ನೆನಪಾಯ್ತು?”

ಅವಳಿಗೆ ಬೇಕಾದದ್ದು ಅದೊಂದೇ. ಅದು ನನಗೆ ಗೊತ್ತಿರಲಿಲ್ಲ. ಬರಹದಲ್ಲಿ ನಾನು ಅಪ್ಪನ ಪಕ್ಕದಲ್ಲಿ, ಅವರ ತೋಳು ಹಿಡಿದು ಕೂತಿದ್ದೇನೆ. ನಿಜವಾಗಿ ಕೂತಿದ್ದದ್ದು ಹಿಂದಿನ ಸಾಲಿನಲ್ಲಿ, ಸ್ಕೂಲಿನ ಗೆಳೆಯರ ಜೊತೆ. ಅಕ್ಕನ ಹಾಡು ನಿಂತಾಗ ಯಾರೋ ಕಿಸಕ್ಕೆಂದರು. ಅವಳು ನನಗೆ ಏನೂ ಆಗಬೇಕಾದವಳಲ್ಲ ಎನ್ನುವ ಹಾಗೆ ನಾನು ಎದ್ದು, ಪೆಂಡಾಲಿನಿಂದ ಹೊರಬಿದ್ದು, ಮುಂದಿನ ಕ್ರಾಸಿನ ತನಕ ಓಡಿದ್ದೆ. ಪೂರ್ತಿ ಹಾಡಿದಳು ಎನ್ನುವುದು ಅಪ್ಪ ಮನೆಗೆ ಬಂದು ಹೇಳಿದ ಸುದ್ದಿ. ನಾನು ಕೊನೆಯನ್ನು ತೆರೆದಿಟ್ಟಿರಲಿಲ್ಲ. ನನ್ನ ಹತ್ತಿರ ಕೊನೆಯೇ ಇರಲಿಲ್ಲ. ಎದ್ದು ಓಡಿದ ಜಾಗದಲ್ಲಿ ಬರಹ ನಿಲ್ಲಿಸಿ, ಅದಕ್ಕೆ ತಂತ್ರ ಎಂದು ಹೆಸರಿಟ್ಟು, ಊರಿಗೆಲ್ಲ ಪಾಠ ಹೇಳುತ್ತಿದ್ದೆ. ಇಲ್ಲೂ ಇದನ್ನು ಇಷ್ಟು ತಡವಾಗಿ ಹೇಳುತ್ತಿದ್ದೇನೆ, ನೋಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಸುಳ್ಳೊಂದು ನಾಲಗೆಯ ತುದಿಗೆ ಬಂದಿತ್ತು, ಚೆನ್ನಾಗಿಯೂ ಇತ್ತು. ನುಂಗಿಕೊಂಡೆ.

“ನಂಗೊತ್ತಿಲ್ಲ ಪುಟ್ಟಿ” ಎಂದೆ. “ನಾನು ನೋಡಿಲ್ಲ. ಅವಮಾನ ಆಗತ್ತೆ ಅಂತ ಎದ್ದು ಓಡ್ಹೋಗಿದ್ದೆ.”

“ಗೊತ್ತು ಕಣೋ” ಎಂದಳು ಅಕ್ಕ. “ಮೇಲಿಂದ ಕಾಣಿಸ್ತಿತ್ತು.”

ಆಮೇಲೆ ಹುಡುಗಿಯ ಕಡೆ ತಿರುಗಿದಳು. “ನಕ್ರು, ಒಂದಿಬ್ರು. ನಗ್ಲಿ ಬಿಡು. ಇವ್ನು ಹಿಂದೆ ಕೂತ್ಕೊಂಡು ಮನೆಗೆ ಬೆಂಕಿ ಬಿದ್ದೋರ ಥರ ನನ್ನೇ ನೋಡ್ತಿದ್ದ. ಇವನ ಮುಖ ನೋಡ್ದಾಗೆಲ್ಲ ನಂಗೆ ಗಾಬರಿ ಇನ್ನೂ ಜಾಸ್ತಿ ಆಗ್ತಿತ್ತು. ಇವ್ನು ಎದ್ದು ಹೋದ್ನಲ್ಲ, ಆವಾಗ್ಲೇ ಸಾಲು ನೆನಪಾಗಿದ್ದು.”

ಹುಡುಗಿಗೆ ನಗು ತಡೆಯಲಾಗಲಿಲ್ಲ. ತಾಯಿ ಅವಳನ್ನು ಗದರಲು ಹೋಗಿ ತಾವೂ ನಕ್ಕುಬಿಟ್ಟರು. “ಹಾಡ್ತೀಯೇನೇ?” ಎಂದು ಕೇಳಿದರು. ಹುಡುಗಿ ಹೂಂ ಎಂದಳು.

ಅವರು ಹೋದ ಮೇಲೆ ಅಕ್ಕ ಮಕ್ಕಳು ಕೂತಿದ್ದ ಚಾಪೆ ಸುತ್ತತೊಡಗಿದಳು. ಅವಳು ಆ ಬರಹ ಓದಿದ್ದಳು. ಅಪ್ಪನ ತೋಳು ಹಿಡಿದು ಕೂತ ನನ್ನನ್ನೂ ಓದಿ, ಇಷ್ಟು ದಿನ ಒಂದು ಮಾತೂ ಆಡಿರಲಿಲ್ಲ. ಕ್ಷಮಿಸು ಎನ್ನೋಣವೆಂದುಕೊಂಡೆ. ಅದಕ್ಕೂ ಒಂದು ಒಳ್ಳೆಯ ವಾಕ್ಯ ಹುಡುಕುತ್ತಿದ್ದೇನೆ ಎಂದು ನನಗೇ ಗೊತ್ತಾಗಿ, ಅದನ್ನು ಬಿಟ್ಟು ಚಾಪೆಯ ಇನ್ನೊಂದು ತುದಿ ಹಿಡಿದೆ.

“ರಾಮನವಮಿಗೆ ನೀನೂ ಬಾ” ಎಂದಳು ಅವಳು, ಚಾಪೆಯನ್ನು ಮೂಲೆಗೆ ಒರಗಿಸುತ್ತ. “ಆ ಮಗು ಮರೀಲಿ, ಬಿಡ್ಲಿ, ಮುಗಿಯೋವರ್ಗೂ ಕೂತಿರು.”